ಪ್ಲಂಬರು ಬಾರದ 17 ದಿನ

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ಹೊರಗೋಡೆಯ ಜಿಐ ಪೈಪು ಸೋರಲು ಶುರುವಾಗಿ ಇಂದಿಗೆ 17 ದಿನ. ಈ ಲೆಕ್ಕ ನನ್ನದಲ್ಲ, ಎದುರುಮನೆ ಯಜಮಾನರದು. ನಾನು ಹತ್ತೋ ಹನ್ನೆರಡೋ ಅಂದುಕೊಂಡಿದ್ದೆ. ಅವರು ಆಡಿಟ್‌ನಲ್ಲಿದ್ದು ನಿವೃತ್ತರಾದವರು. ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿಯ ಪಕ್ಕದಲ್ಲೇ, ‘ಸೋರಿಕೆ ಆರಂಭ’ ಎಂದು ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ.

ಮೊದಲ ದಿನ ನಾನೇ ಹಳೇ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಎಲ್ಬೋ ಸುತ್ತ ಬಿಗಿದಿದ್ದೆ. ಸೋರುವುದು ನಿಲ್ಲಲಿಲ್ಲ, ಜಾಗ ಬದಲಾಯಿಸಿತು. ನೀರು ಟ್ಯೂಬಿನ ಒಳಗೊಳಗೇ ನುಸುಳಿ, ಗಂಟಿನ ತುದಿಗೆ ಬಂದು ಮೂಗಿನ ನತ್ತಿನ ಹಾಗೆ ತೂಗಾಡಿ, ತೊಟ್ ಅಂತ ಕೆಳಗಿನ ತುಳಸಿ ಕುಂಡಕ್ಕೆ ಬೀಳುತ್ತಿತ್ತು. ಯಜಮಾನರು ಮನೆಯಿಂದ ಒಂದು ಲೀಟರಿನ ಚೊಂಬು ತಂದರು. ಕೈಗಡಿಯಾರ ಬಿಚ್ಚಿ ಕಾಂಪೌಂಡಿನ ಮೇಲಿಟ್ಟರು. ಚೊಂಬು ತುಂಬಲು ಹತ್ತು ನಿಮಿಷ.

“ಗಂಟೆಗೆ 6 ಲೀಟರು. ದಿನಕ್ಕೆ 144. ಹೀಗೇ ಬಿಟ್ರೆ ವರ್ಷಕ್ಕೆ ಎಷ್ಟು ಗೊತ್ತೇನ್ರೀ?”

“ಪ್ಲಂಬರ್‌ಗೆ ಹೇಳಿದೀನಿ ಸಾರ್, ಬರ್ತಿದಾನೆ.”

“ಅದನ್ನ ಕೇಳ್ಲಿಲ್ಲ ನಾನು.”

ಮರುದಿನ ಅವರು ಕಾನೂನು ತಂದರು. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತಲ್ಲ, ಅದು. ಸೋರುವ ಪೈಪಿಗೆ ಅದು ಹೇಗೆ ಅನ್ವಯವಾಗುತ್ತೆ ಸಾರ್ ಅಂದೆ. ಅವರು ತುಳಸಿ ಕುಂಡದ ಕಡೆ ಬೆರಳು ತೋರಿಸಿದರು. ನಾನು ಕುಂಡವನ್ನು ಎರಡಡಿ ಆಚೆ ಸರಿಸಿದೆ. “ಈಗ ಗೋಡೆಗೆ ಹಾರ್ತಿದೆ. ಕಟ್ಟಡಕ್ಕೂ ಉಪಯೋಗಿಸೋ ಹಾಗಿಲ್ಲ ಅಂತಿತ್ತು” ಅಂದರು.

ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪಿಗೆ ಸಿಕ್ಕಿ, ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರ ಹತ್ತಿ ನಮ್ಮ ಸಂಪಿಗೆ ಬಂದು ಬೀಳುತ್ತದೆ. ಪ್ಲಂಬರು ಪಕ್ಕದ ಶ್ರೀನಗರದಿಂದ ಬರುವುದಿಲ್ಲ. ಶ್ರೀನಗರದಿಂದ ಇಲ್ಲಿಗೆ ಏರು ಅಂಥದ್ದೇನೂ ಇಲ್ಲ. ಫೋನು ಮಾಡಿದರೆ “ಗಾಡಿ ಸ್ಟಾರ್ಟ್ ಮಾಡ್ತಿದೀನಿ ಸಾರ್” ಅನ್ನುತ್ತಾನೆ. ಆ ಗಾಡಿ ಹನ್ನೆರಡು ದಿನದಿಂದ ಸ್ಟಾರ್ಟ್ ಆಗುತ್ತಲೇ ಇದೆ. ನಡುವೆ ಅವನ ಅತ್ತೆಯ ಕಡೆಯವರು ಇಬ್ಬರು ತೀರಿಕೊಂಡರು. ಯಜಮಾನರ ದಾಖಲೆಯ ಪ್ರಕಾರ ಮೂವರು, ಅದರಲ್ಲಿ ಒಬ್ಬರು ಎರಡು ಸಲ.

ಈ ಊರಿನಲ್ಲಿ ಕೆಲಸ ಮಾಡುವವರಿಗೆ ಬರ ಇರಬಹುದು, ಮೇಲ್ವಿಚಾರಣೆಗೆ ಎಂದೂ ಬರ ಬಂದಿಲ್ಲ. ಎಲ್ಲೇ ರಸ್ತೆ ಅಗೆಯಲಿ, ಗುಂಡಿಯೊಳಗೆ ಒಬ್ಬ, ಗುಂಡಿಯ ಸುತ್ತ ಹನ್ನೊಂದು ಜನ. ಹಾಲು ತರಲು ಹೊರಟವರು, ಸ್ಕೂಟರ್ ನಿಲ್ಲಿಸಿ ಒಂದು ಕಾಲು ಊರಿದವರು, “ಇನ್ನೂ ಆಳಕ್ಕೆ ಹೋಗ್ಬೇಕಪ್ಪಾ” ಎಂದು ಹೇಳಿ ಮುಂದೆ ಹೋಗುವವರು. ಗುಂಡಿ ಮುಚ್ಚುವ ದಿನ ಮಾತ್ರ ಅಲ್ಲಿ ಯಾರೂ ಇರುವುದಿಲ್ಲ, ಗುಂಡಿಯೊಳಗಿದ್ದವನೂ.

ಹತ್ತನೇ ದಿನದ ಹೊತ್ತಿಗೆ ನಮ್ಮ ಪೈಪು ಬೀದಿಯ ಸೊತ್ತಾಗಿತ್ತು. ಬೆಳಗಿನ ವಾಕಿಂಗಿನವರನ್ನು ಯಜಮಾನರು ಗೇಟು ತೆಗೆದು ಒಳಗೆ ಕರೆತರುತ್ತಿದ್ದರು. ಒಬ್ಬರು ಎಂ-ಸೀಲ್ ಹಚ್ಚಿ ಅಂದರು. ಇನ್ನೊಬ್ಬರು ಸಣಬು ಸುತ್ತಬೇಕಿತ್ತು, ಈಗಿನವರಿಗೆ ಸಣಬು ಅಂದ್ರೇನಂತಲೇ ಗೊತ್ತಿಲ್ಲ ಎಂದು ಮರುಗಿದರು. ಮೂರನೆಯವರು ಪೈಪು ಬಿಟ್ಟು, “ಮನೆ ಕೊಡೋ ಹಾಗಿದ್ರೆ ಹೇಳಿ” ಅಂದರು. ಹಾಗೇ ಒಗೆದ ಬಟ್ಟೆ ಒಣಗಿರುವುದನ್ನೂ, ಮಗಳಿಗೆ ಕೊರಿಯರ್ ಬಂದಿರುವುದನ್ನೂ ಯಜಮಾನರು ಪರಿಶೀಲಿಸಿದರು. ಕೊರಿಯರು ಯಾರದ್ದಂತೆ? ಅದೂ ಕಡತಕ್ಕೆ ಬೇಕಿತ್ತು.

ಕೊನೆಗೆ ನನಗೆ ‘ನಾಳೆ ಬಾ’ ನೆನಪಾಯಿತು. 1990ರ ದಶಕದಲ್ಲಿ ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ಜನ ಬಾಗಿಲ ಮೇಲೆ ಬರೆಯುತ್ತಿದ್ದರಲ್ಲ, ದೆವ್ವ ಪಾಪ ಪ್ರತಿದಿನವೂ ಓದಿಕೊಂಡು, ಸರಿ ನಾಳೆ ಬರೋಣ ಎಂದು ವಾಪಸಾಗುತ್ತಿತ್ತಂತೆ. ದೆವ್ವವೇ ಓದಿ ಗೌರವಿಸುವ ಬರಹವನ್ನು ನಿವೃತ್ತ ನೌಕರರು ಗೌರವಿಸದೇ ಇರುತ್ತಾರೆಯೇ? ಹದಿನಾರನೇ ದಿನ ಮಧ್ಯಾಹ್ನ ಸೀಮೆಸುಣ್ಣ ತಂದು ಗೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಒಳಗಿಂದ ಚಿಲಕ ಹಾಕಿಕೊಂಡು, ಫೋನು ಸೈಲೆಂಟ್ ಮಾಡಿ ಮಲಗಿದೆ. ಹದಿನಾರು ದಿನಗಳಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.

ಇವತ್ತು ಬೆಳಗ್ಗೆ ಆರಕ್ಕೆ ಬೆಲ್ಲು. ಯಜಮಾನರು, ಕೈಯಲ್ಲಿ ಚೊಂಬು.

“ನಾಳೆ ಬಾ ಅಂದಿದ್ರಲ್ಲ, ಬಂದೆ. ಹಿರಿಯರಿಗೆ ‘ಬನ್ನಿ’ ಅಂತ ಬರೀಬೇಕಿತ್ತು, ಇರಲಿ. ಅಂದ ಹಾಗೆ ನಿನ್ನೆ ನಾಲ್ಕೂವರೆಗೆ ನಿಮ್ಮ ಪ್ಲಂಬರ್ ಬಂದಿದ್ದ, ಪೈಪು, ಸ್ಪ್ಯಾನರು ಎಲ್ಲಾ ಹಿಡ್ಕೊಂಡು. ಗೇಟು ತೋರಿಸಿ, ಓದಪ್ಪಾ ಅಂತ ನಾನೇ ವಾಪಸ್ ಕಳಿಸಿದೆ.”