ಶಿಫ್ಟ್ ಒತ್ತಿದ್ದು ಕಂಪ್ಯೂಟರ್‌ಗೆ ಗೊತ್ತಾಗ್ಬೇಕಲ್ವಾ?

ಸಿಂಕ್ಲೇರ್ ಕಂಪನಿಯ ಸ್ಪೆಕ್ಟ್ರಮ್ ಅನ್ನೋ ಹಳೇ ಮನೆ ಕಂಪ್ಯೂಟರಿನ ರಬ್ಬರ್ ಕೀಬೋರ್ಡ್ ಅಂದ್ರೆ ಎಲ್ರಿಗೂ ನಗು, ಆದ್ರೆ ಶಿಫ್ಟ್, ಬಾಣದ ಕೀ ವಿಷ್ಯದಲ್ಲಿ 1982ರ ಆ ಅಗ್ಗದ ಮಷೀನು 1977ರ ಆಪಲ್ 2 ಕಂಪ್ಯೂಟರ್‌ಗಿಂತ ಎಷ್ಟೋ ವಾಸಿ ಅಂತ ನಾನಂತೂ ವಾದ ಮಾಡ್ತೀನಿ.

ಆಪಲ್‌ನಲ್ಲಿ ಕೀಬೋರ್ಡ್‌ಗೆ ಅಂತಾನೇ ಒಂದು ಎನ್‌ಕೋಡರ್ ಚಿಪ್ ಇತ್ತು, ಅದು ಶಿಫ್ಟ್ ಕಂಟ್ರೋಲ್ ಎಲ್ಲಾ ತಾನೇ ನುಂಗ್ಕೊಂಡು ಪ್ರೋಗ್ರಾಮ್‌ಗೆ ಒಂದು ಆಸ್ಕಿ ನಂಬರ್ (ಪ್ರತಿ ಅಕ್ಷರಕ್ಕೂ ಗೊತ್ತು ಮಾಡಿರೋ ಸಂಖ್ಯೆ) ಮಾತ್ರ ಕೊಡೋದು. ಎಡ ಬಾಣ ಒತ್ತಿದ್ರೆ 8, ಕಂಟ್ರೋಲ್ ಹಿಡಿದು ಎಚ್ ಒತ್ತಿದ್ರೂ ಅದೇ 8, ಯಾವ್ದು ಒತ್ತಿದ್ದು ಅಂತ ಕಂಡುಹಿಡಿಯೋ ದಾರೀನೇ ಇಲ್ಲ. ಬಲ ಬಾಣ 21. ಮೇಲೆ-ಕೆಳಗೆ ಬಾಣ ಬೇಕಂದ್ರೆ 1983ರ ಆಪಲ್ ಟೂಇ (IIe) ಬರೋ ತನಕ ಕಾಯ್ಬೇಕಿತ್ತು. ಬರೀ ಶಿಫ್ಟ್ ಒತ್ತಿ ಹಿಡ್ಕೊಂಡ್ರೆ ಕಂಪ್ಯೂಟರ್‌ಗೆ ಸುದ್ದೀನೇ ಮುಟ್ಟಲ್ಲ, ಅದಕ್ಕೆ ಜನ ಶಿಫ್ಟ್ ಕೀಯಿಂದ ಗೇಮ್ ಪೋರ್ಟಿನ ಬಟನ್ ಪಿನ್‌ಗೆ ಒಂದು ವೈರ್ ಎಳ್ಕೊಂಡು ಜಾಯ್‌ಸ್ಟಿಕ್ ಬಟನ್ ಓದೋ ಥರ ಶಿಫ್ಟ್ ಓದ್ತಿದ್ರು!

ಸ್ಪೆಕ್ಟ್ರಮ್‌ನಲ್ಲಿ ಈ ಮುಚ್ಚುಮರೆ ಇಲ್ಲ. 40 ಕೀ, ಐದೈದರ ಎಂಟು ಗುಂಪು, ಬೇಕಾದ ಗುಂಪಿನ ಅಡ್ರೆಸ್ ಲೈನ್ ಸೊನ್ನೆ ಮಾಡಿ ಪೋರ್ಟ್ 254 ಓದಿದ್ರೆ ಒತ್ತಿರೋ ಕೀಯ ಬಿಟ್ 0, ಇಲ್ಲಾಂದ್ರೆ 1, ಅಷ್ಟೇ. ಕ್ಯಾಪ್ಸ್ ಶಿಫ್ಟ್ ಕೂಡ ಇನ್ನೊಂದು ಸ್ವಿಚ್, ಬೇಕಾದ್ರೆ ಗೇಮಲ್ಲಿ ಫೈರ್ ಬಟನ್ ಮಾಡ್ಕೊಳ್ಳಿ. ಬಾಣ ಅಂದ್ರೆ ಕ್ಯಾಪ್ಸ್ ಶಿಫ್ಟ್ ಜೊತೆ 5, 6, 7, 8. 1984ರ ಪ್ಲಸ್ ಮಾಡೆಲ್‌ನಲ್ಲಿ ಬಾಣಕ್ಕೆ ಬೇರೆ ಕೀ ಕೊಟ್ರು ನಿಜ, ಒಳಗಡೆ ಮೆಂಬ್ರೇನ್ (ಕೀಗಳ ಕೆಳಗಿನ ಸ್ವಿಚ್ಚಿನ ತೆಳು ಹಾಳೆ) ಮಾತ್ರ ಅದೇ ಎರಡು ಸ್ವಿಚ್ಚನ್ನ ಒಟ್ಟಿಗೆ ಅದುಮುತ್ತೆ, ಕೀ ಓದೋ ROM ಪ್ರೋಗ್ರಾಮ್‌ಗೆ ಹೊಸ ಕೀ ಬಂದಿದ್ದೇ ಗೊತ್ತಿಲ್ಲ.

ಇನ್ನೊಂದು ಹಳೇ ಮನೆ ಕಂಪ್ಯೂಟರ್ ಕಮಡೋರ್ 64 ನಂಗೆ ಅರ್ಧ ಇಷ್ಟ. ಅಲ್ಲೂ ಸ್ಪೆಕ್ಟ್ರಮ್ ಥರಾನೇ ಅಡ್ಡ-ಉದ್ದ ಲೈನ್‌ಗಳ ಜಾಲ, ಅಂದ್ರೆ 8×8 ಮ್ಯಾಟ್ರಿಕ್ಸ್; ಶಿಫ್ಟ್, ಕಮಡೋರ್ ಕೀ, ಕಂಟ್ರೋಲ್ ಮೂರರ ಸ್ಥಿತಿ ಮೆಮೊರಿಯ 653ನೇ ಜಾಗದಲ್ಲಿ 1, 2, 4 ಅಂತ ಸಿಗುತ್ತೆ. ಕರ್ಸರ್ ಕೀ ಮಾತ್ರ ಎರಡೇ, ಮೇಲಕ್ಕೋ ಎಡಕ್ಕೋ ಹೋಗ್ಬೇಕಂದ್ರೆ ಶಿಫ್ಟ್ ಹಿಡೀಬೇಕು, ಇದ್ಯಾವ ನ್ಯಾಯ! ಮೊದಲನೇ ಪೋರ್ಟಿನ ಜಾಯ್‌ಸ್ಟಿಕ್‌ಗೂ ಕೀಬೋರ್ಡಿಗೂ ಲೈನ್ ಒಂದೇ ಆಗಿರೋದ್ರಿಂದ ಅದನ್ನ ಅಲ್ಲಾಡಿಸಿದ್ರೆ ಸ್ಕ್ರೀನ್ ಮೇಲೆ ಅಕ್ಷರ ಉದುರ್ತವೆ.

ಮ್ಯಾಟ್ರಿಕ್ಸಿಗೂ ಕಾಯಿಲೆ ಇಲ್ದೇ ಇಲ್ಲ. ಪ್ರತಿ ಕೀಗೂ ಡಯೋಡ್ (ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಭಾಗ) ಹಾಕದಿದ್ರೆ ಆಯತದ ಮೂರು ಮೂಲೆಯ ಕೀ ಒತ್ತಿದಾಗ ನಾಲ್ಕನೇದೂ ಒತ್ತಿದ ಹಾಗೆ ಕಾಣುತ್ತೆ. ಆದ್ರೂ ಮೂರು ಕೀ ಒಟ್ಟಿಗೆ ಒತ್ತಿದಾಗ ಯಾವಾಗ್ಲೋ ಬರೋ ಆ ದೆವ್ವದ ಕಾಟ, ಶಿಫ್ಟ್ ಕಾಣ್ಸೋದೇ ಇಲ್ಲ ಅನ್ನೋದಕ್ಕಿಂತ ಎಷ್ಟೋ ಮೇಲು.