ದೋಣಿ ಇಲ್ಲದವರೂ ಹೋಗಬೇಕಾದ ದೋಣಿ ಮಾಲೀಕರ ಕ್ಲಬ್

ದೋಣಿ ಮಾಲೀಕರ ಕ್ಲಬ್ ಅಂದರೆ ಸಾಕು, ಇಲ್ಲಿ ಸೌತಾಂಪ್ಟನ್‌ನಲ್ಲಿರುವ ನಮ್ಮ ಕನ್ನಡದ ಗೆಳೆಯರು "ಅದೆಲ್ಲ ದುಡ್ಡಿರೋರ ಜಾಗ, ನಮಗ್ಯಾಕೆ" ಅಂತ ಮಾತು ಮುಗಿಸಿಬಿಡುತ್ತಾರೆ. ರೇಸ್ ಹುಚ್ಚು ಇರುವ ಹಾಯಿದೋಣಿಯವರ ದೂರೇ ಬೇರೆ. ಈ ಕ್ಲಬ್‌ಗಳ ವೀಕೆಂಡ್‌ನಲ್ಲಿ ಹಾಯಿ ಬಿಚ್ಚುವುದು ಎರಡು ಗಂಟೆ, ಉಳಿದದ್ದೆಲ್ಲ ಊಟ, ವೈನ್, ಹರಟೆ ಅಂತಾರೆ. ಎರಡು ಮಾತೂ ನನಗೆ ಒಪ್ಪಿಗೆಯಿಲ್ಲ. ನನಗೆ ಸ್ವಂತ ದೋಣಿ ಇಲ್ಲ. ಕೆಲವು ವರ್ಷಗಳಿಂದ ಬೇರೆಯವರ ದೋಣಿಯಲ್ಲಿ ಕ್ರೂ ಆಗಿ, ಅಂದರೆ ದೋಣಿ ನಡೆಸಲು ಕೈಜೋಡಿಸುವುದಕ್ಕೆ, ಹೋಗುತ್ತಿದ್ದೇನೆ. ಸಮುದ್ರದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದನ್ನು ಕಲಿಸಿದ್ದು ಆ ಹರಟೆಯೇ.

ಮೊದಲು ದುಡ್ಡಿನ ಮಾತು. ಬ್ರಿಟನ್‌ನಲ್ಲಿ ಒಂದೇ ಕಂಪನಿಯ ದೋಣಿ ಇಟ್ಟುಕೊಂಡವರೆಲ್ಲ ಸೇರಿ ಕ್ಲಬ್ ಕಟ್ಟಿಕೊಳ್ಳುವ ಹಳೆಯ ರೂಢಿ ಇದೆ. ವೆಸ್ಟರ್ಲಿ ದೋಣಿಗಳವರದೂ ಅಂಥದ್ದೊಂದು ಸಂಘ ಇದೆ. ವೆಸ್ಟರ್ಲಿಯ ಸೆಂಟಾರ್ ಅನ್ನುವ 26 ಅಡಿಯ ದೋಣಿ 1969ರಲ್ಲಿ ಬಂತು. ಎರಡು ಸಾವಿರಕ್ಕೂ ಜಾಸ್ತಿ ಕಟ್ಟಿದರು. ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು, ದೋಣಿಗಳು ಮಾತ್ರ ಇನ್ನೂ ನೀರಿನಲ್ಲಿವೆ. ಅಂಥ ಹಳೆಯ ದೋಣಿಯನ್ನು ಸೆಕೆಂಡ್‌ಹ್ಯಾಂಡ್ ಕಾರಿನ ಬೆಲೆಗೆ ಕೊಳ್ಳಬಹುದು. ಅದನ್ನು ಕಟ್ಟಿಹಾಕುವ ಮರೀನಾದ ಬಾಡಿಗೆಯೇ ಭಾರ, ಅದು ನಿಜ. ಆದರೂ ನಾನು ನೋಡಿದ ಮಾಲೀಕರಲ್ಲಿ ನಿವೃತ್ತ ಮೇಷ್ಟ್ರುಗಳು, ನರ್ಸ್‌ಗಳು, ಎಲೆಕ್ಟ್ರಿಷಿಯನ್‌ಗಳು ಇದ್ದಾರೆ. ಮಳೆಯಲ್ಲಿ ತಾವೇ ಕೂತು ಇಂಜಿನ್ ಬಿಚ್ಚುವ ಜನ.

ಇನ್ನು ವೀಕೆಂಡ್ ನಡೆಯುವ ರೀತಿ. ಇಂಗ್ಲೆಂಡಿನ ದಕ್ಷಿಣ ದಡಕ್ಕೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವಿನ ನೀರಿಗೆ ಸೋಲೆಂಟ್ ಅಂತ ಹೆಸರು. ಶನಿವಾರ ಸಂಜೆ ಎಲ್ಲರೂ ಒಂದು ಕಡೆ ಸೇರಬೇಕು ಅಂತ ಮೊದಲೇ ಗೊತ್ತುಮಾಡಿರುತ್ತಾರೆ. ಒಮ್ಮೆ ದ್ವೀಪದ ಬಂದರು ಯಾರ್ಮತ್, ಇನ್ನೊಮ್ಮೆ ಬ್ಯೂಲಿ ನದಿಯೊಳಗಿನ ಬಕ್ಲರ್ಸ್ ಹಾರ್ಡ್. 1781ರಲ್ಲಿ ಅಗಮೆಮ್ನಾನ್ ಅನ್ನುವ ಯುದ್ಧನೌಕೆ ನೀರಿಗಿಳಿದದ್ದು ಆ ಪುಟ್ಟ ಹಳ್ಳಿಯಿಂದಲೇ. ಮುಂದೆ ಬ್ರಿಟನ್ನಿನ ಹೆಸರಾಂತ ನೌಕಾ ಸೇನಾನಿ ನೆಲ್ಸನ್ ಅದರ ಕ್ಯಾಪ್ಟನ್ ಆದ.

ಹೊರಡುವ ಹೊತ್ತನ್ನು ನಾವು ಆರಿಸುವುದಿಲ್ಲ, ನೀರು ಆರಿಸುತ್ತದೆ. ಸೌತಾಂಪ್ಟನ್ ಪಕ್ಕದ ಹ್ಯಾಂಬಲ್ ನದಿಯಿಂದ ಯಾರ್ಮತ್‌ಗೆ ಹೆಚ್ಚುಕಡಿಮೆ 15 ನಾಟಿಕಲ್ ಮೈಲಿ. ನಮ್ಮಂಥ ದೋಣಿ ಗಂಟೆಗೆ ಐದು ಮೈಲಿ ಹೋದರೆ ಹೆಚ್ಚು. ಇಳಿತದ ನೀರು ಪಶ್ಚಿಮಕ್ಕೆ ಹರಿಯುವಾಗ ಹೊರಟರೆ ಎರಡು ಮೈಲಿ ವೇಗ ಬಿಟ್ಟಿ ಸಿಗುತ್ತದೆ, ಎರಡು ಗಂಟೆ ಚಿಲ್ಲರೆಯಲ್ಲಿ ಮುಟ್ಟುತ್ತೀರಿ. ಅದೇ ನೀರಿಗೆ ಎದುರಾಗಿ ಹೋದರೆ ಐದು ಗಂಟೆ. ಪುಸ್ತಕದಲ್ಲಿ ಇದು ಒಂದು ಲೆಕ್ಕ ಅಷ್ಟೇ. ಶುಕ್ರವಾರ ರಾತ್ರಿ ಹಿರಿಯರೊಬ್ಬರು ಉಬ್ಬರ-ಇಳಿತದ ಪಟ್ಟಿ ಮುಂದಿಟ್ಟುಕೊಂಡು "ನಾಳೆ ಗಾಳಿ ಪಶ್ಚಿಮದ್ದು, ನೀರು ಅದಕ್ಕೆ ಎದುರು ಹೋಗುತ್ತೆ, ಪಶ್ಚಿಮ ತುದಿಯ ಹರ್ಸ್ಟ್ ಹತ್ತಿರ ಹೋದಷ್ಟೂ ಅಲೆ ಗಿಡ್ಡ, ಕಡಿದು" ಅಂತ ಹೇಳಿದರೆ ಮಾತ್ರ ತಲೆಗೆ ಹೋಗುತ್ತದೆ. ಅವರ ಮಾತಿನ ಹಿಂದೆ ನಲವತ್ತು ವರ್ಷ ಒದ್ದೆಯಾದ ಅನುಭವ ಇರುತ್ತದೆ.

ಸೋಲೆಂಟ್‌ನ ನಡುವೆಯೇ ಬ್ರ್ಯಾಂಬಲ್ ಅನ್ನುವ ಮರಳುದಿಬ್ಬ ಇದೆ. ನೀರು ತೀರಾ ಇಳಿದಾಗ ಮಾತ್ರ ಮೇಲೆ ಕಾಣುತ್ತದೆ. ಆಗ ಎರಡು ಕ್ಲಬ್‌ನವರು ಅದರ ಮೇಲೆ ಕ್ರಿಕೆಟ್ ಆಡುತ್ತಾರೆ! 2008ರ ನವೆಂಬರ್‌ನಲ್ಲಿ ಕ್ಯೂಇ2 (ಕ್ವೀನ್ ಎಲಿಜಬೆತ್ 2) ಅನ್ನುವ ದೊಡ್ಡ ಪ್ರಯಾಣಿಕರ ಹಡಗು ತನ್ನ ಕೊನೆಯ ಭೇಟಿಗೆ ಸೌತಾಂಪ್ಟನ್‌ಗೆ ಬರುವಾಗ ಕಚ್ಚಿಕೊಂಡದ್ದೂ ಅಲ್ಲೇ. ಇಂಥ ದೊಡ್ಡ ಹಡಗುಗಳು ಇಲ್ಲಿ ದಿನವೂ ಓಡಾಡುತ್ತವೆ. 150 ಮೀಟರ್‌ಗಿಂತ ಉದ್ದದ ಹಡಗು ಬಂದರೆ ಅದರ ಮುಂದೆ ಒಂದು ಕಿಲೋಮೀಟರ್, ಅಕ್ಕಪಕ್ಕ ನೂರು ನೂರು ಮೀಟರ್ ಬಿಟ್ಟುಕೊಡಬೇಕು. ಆ ದೂರವನ್ನು ಕಣ್ಣಳತೆಯಲ್ಲಿ ಅಳೆಯಲು ನನಗೆ ಕಲಿಸಿದವರು ಒಬ್ಬ ಹಿರಿಯ ಮಹಿಳೆ. ಚುಕ್ಕಾಣಿ ನನ್ನ ಕೈಗೆ ಕೊಟ್ಟು, ತಾವು ಸುಮ್ನೆ ಪಕ್ಕದಲ್ಲಿ ಕೂತು ಕಲಿಸಿದರು.

ಶನಿವಾರ ಸಂಜೆ ಜಾಗ ಸಾಲದೆ ದೋಣಿಗಳನ್ನು ಒಂದರ ಮಗ್ಗುಲಿಗೆ ಒಂದು ಕಟ್ಟುತ್ತಾರೆ. ಇದನ್ನು ನೋಡಿಯೇ ಕಲಿಯಬೇಕು. ದೋಣಿಗಳು ಉಜ್ಜದ ಹಾಗೆ ನಡುವೆ ಫೆಂಡರ್ ಅನ್ನುವ ಗಾಳಿದಿಂಬು ಇಳಿಬಿಡಬೇಕು. ಹಾಯಿಕಂಬಗಳು ಒಂದರ ನೇರಕ್ಕೆ ಒಂದು ಬರದ ಹಾಗೆ ದೋಣಿಯನ್ನು ಸ್ವಲ್ಪ ಹಿಂದೆ ಮುಂದೆ ಸರಿಸಬೇಕು, ಇಲ್ಲದಿದ್ದರೆ ಅಲೆ ಬಂದಾಗ ಮೇಲೆ ತಂತಿಗಳು ಬಡಿದಾಡುತ್ತವೆ. ಹೊರಗಿನ ದೋಣಿಯವರು ಪಕ್ಕದ ದೋಣಿಗೆ ಹಗ್ಗ ಕಟ್ಟಿ ಸುಮ್ಮನಾಗುವಂತಿಲ್ಲ, ದಡಕ್ಕೂ ತಮ್ಮದೇ ಹಗ್ಗ ಒಯ್ಯಬೇಕು. ಇನ್ನೊಬ್ಬರ ದೋಣಿ ದಾಟುವಾಗ ಹಾಯಿಕಂಬದ ಮುಂದಿನಿಂದ ಮೆಲ್ಲಗೆ ನಡೆಯಬೇಕು. ಅವರು ಕೂತು ಉಣ್ಣುವ ಜಾಗವನ್ನು ತುಳಿದು ಹೋಗುವುದು ಮರ್ಯಾದೆಯಲ್ಲ. ಬೆಳಿಗ್ಗೆ ಯಾರು ಮೊದಲು ಹೊರಡುತ್ತಾರೆ ಅನ್ನುವುದು ಹಿಂದಿನ ರಾತ್ರಿಯೇ ತೀರ್ಮಾನ ಆಗಬೇಕು. ಇದಕ್ಕೆಲ್ಲ ಊಟದ ಹೊತ್ತು ಬೇಕೇ ಬೇಕು, ಅಲ್ವಾ? ಆ ಹರಟೆ ಇಲ್ಲದಿದ್ದರೆ ಭಾನುವಾರ ಆರು ಗಂಟೆಗೆ ಒಳಗಿನ ದೋಣಿಯವರು ಹೊರಗಿನವರನ್ನೆಲ್ಲ ಎಬ್ಬಿಸಬೇಕಾಗುತ್ತದೆ.

ಊಟ ಅಂದರೆ ಪಾಂಟೂನ್ (ದೋಣಿ ಕಟ್ಟುವ ತೇಲುವ ಕಟ್ಟೆ) ಮೇಲೆ ಮಡಚುವ ಮೇಜು, ಪ್ರತಿ ದೋಣಿಯಿಂದ ಒಂದೊಂದು ಅಡುಗೆ. ನನ್ನ ಪಾಲಿನದು ಚಿತ್ರಾನ್ನ. ಬಿಸಿ ಮಾಡುವ ರಗಳೆ ಇಲ್ಲ, ದೋಣಿ ವಾಲಿದರೂ ಚೆಲ್ಲುವುದಿಲ್ಲ.

ನನಗೆ ಈ ಕೂಟಗಳು ಮುಖ್ಯ ಅನ್ನಿಸುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಒಂದಿದೆ. ಮಾಲೀಕರಿಗೆ ವಯಸ್ಸಾಗುತ್ತಿದೆ. ಗಂಡನೋ ಹೆಂಡತಿಯೋ ತೀರಿಕೊಂಡರೆ, ಮಂಡಿ ಕೈಕೊಟ್ಟರೆ, ದೋಣಿ ವರ್ಷಗಟ್ಟಲೆ ಕಟ್ಟಿದ ಜಾಗದಲ್ಲೇ ಪಾಚಿ ಹಿಡಿಯುತ್ತದೆ. ಅವರಿಗೆ ಹಗ್ಗ ಹಿಡಿಯಲು, ಲಂಗರು ಎತ್ತಲು ಒಂದು ಜೊತೆ ಕೈ ಇದ್ದರೆ ಸಾಕು. ನನಗೆ ಚುಕ್ಕಾಣಿ ಕೊಟ್ಟ ಆ ಮಹಿಳೆ ಗಂಡ ಹೋದ ಮೇಲೆ ದೋಣಿ ಮಾರಲು ಹೊರಟಿದ್ದರು. ಕ್ಲಬ್‌ನವರು ಸರದಿಯ ಮೇಲೆ ಕ್ರೂ ಆಗಿ ಬರುತ್ತೇವೆ ಅಂದರು, ಮಾರಾಟ ನಿಂತಿತು. ಇತ್ತ ಇದೇ ಊರಿನಲ್ಲಿ ವಾರಾಂತ್ಯ ಏನು ಮಾಡುವುದು ಅಂತ ತಿಳಿಯದ ನಮ್ಮಂಥ ವಲಸಿಗರು ಎಷ್ಟೊಂದು ಜನ. ಇಬ್ಬರ ನಡುವೆ ಪರಿಚಯ ಇಲ್ಲ, ಅಷ್ಟೇ ಕೊರತೆ.

ಹಾಗಾಗಿ ಪ್ರತಿ ಮಾಲೀಕರ ಕ್ಲಬ್ಬೂ ದೋಣಿ ಇಲ್ಲದವರಿಗೆ ಕಡಿಮೆ ಚಂದಾದ ಕ್ರೂ ಸದಸ್ಯತ್ವ ಕೊಡಬೇಕು. ಕೂಟದ ಜಾಗ ಆರಿಸುವಾಗ ಎಲ್ಲಕ್ಕಿಂತ ನಿಧಾನದ ದೋಣಿ ಹಗಲಿನಲ್ಲಿ ಮುಟ್ಟುತ್ತದಾ ಅಂತ ನೋಡಬೇಕು. ಗಾಳಿ ಜೋರು ಅಂತ ಯಾರಾದರೂ ಹೊರಡದೆ ಉಳಿದರೆ "ಯಾಕೆ ಬರಲಿಲ್ಲ" ಅಂತ ಕೆಣಕಬಾರದು. ಆ ಒಂದು ಪ್ರಶ್ನೆಗೆ ಅಂಜಿ, ಹೋಗಬಾರದ ದಿನ ಹೊರಡುವವರಿದ್ದಾರೆ.

ಸೌತಾಂಪ್ಟನ್, ಪೋರ್ಟ್ಸ್‌ಮತ್ ಸುತ್ತ ಇರುವ ಕನ್ನಡಿಗರೇ, ಈಜು ಅಷ್ಟಾಗಿ ಬರದಿದ್ದರೂ ಮೊದಲೇ ಸ್ಕಿಪ್ಪರ್‌ಗೆ (ದೋಣಿ ನಡೆಸುವವರಿಗೆ) ಹೇಳಿ, ಲೈಫ್ ಜಾಕೆಟ್ ಕಳಚದೆ ಕೂತರೆ ಶಾಂತ ದಿನದಲ್ಲಿ ಕರೆದೊಯ್ಯುವವರು ಸಿಗುತ್ತಾರೆ. ಗಟ್ಟಿ ಸೂಟ್‌ಕೇಸ್ ಬೇಡ, ಮಡಚಿಡುವ ಬಟ್ಟೆಯ ಚೀಲ ತನ್ನಿ. ಬಿಳಿ ಅಟ್ಟೆಯ ಶೂ, ಬೇಸಿಗೆಯಲ್ಲೂ ಒಂದು ಸ್ವೆಟರ್. ವಾಂತಿಯ ಮಾತ್ರೆಯನ್ನು ಹೊರಡುವ ಮೊದಲೇ ನುಂಗಿ, ಶುರುವಾದ ಮೇಲೆ ನುಂಗಿ ಉಪಯೋಗವಿಲ್ಲ. ಬರುವ ಆಸೆ ಇರುವವರು ನನಗೆ ಮೆಸೇಜ್ ಮಾಡಿ, ಕ್ರೂ ಹುಡುಕುತ್ತಿರುವ ಮಾಲೀಕರಿಗೆ ನಾನೇ ಪರಿಚಯ ಮಾಡಿಸುತ್ತೇನೆ.