ಮದ್ದು ಮೊದಲೋ, ಕಾರಣ ಮೊದಲೋ?

ಬುದ್ಧಿಮಾಂದ್ಯತೆ ಇರುವವರ ನಡವಳಿಕೆ ಕೆಲವೊಮ್ಮೆ ಏಕಾಏಕಿ ಬದಲಾಗುತ್ತದೆ. ಹೊಡೆಯುತ್ತಾರೆ, ನಿದ್ದೆ ಬಿಡುತ್ತಾರೆ. ಮನೋರೋಗ ಅಂತ ಖಚಿತವಾಗುವ ಮೊದಲೇ ಅದರ ಮದ್ದು ಶುರು ಮಾಡಬೇಕೆ? ಕಾಸರಗೋಡಿನ ಹಲವು ಮನೆಗಳ ಪ್ರಶ್ನೆ ಇದು.

ಪರ

ಎಣ್ಮಕಜೆ, ಮುಳಿಯಾರು ಕಡೆಯ ಮನೆಗಳನ್ನು ನೆನಪಿಸಿಕೊಳ್ಳಿ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದಲ್ಲಿ ನಿಂತಿತು. ಅದರ ವಿಷಕ್ಕೆ ತುತ್ತಾದರೆನ್ನುವ ಆಗಿನ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅಮ್ಮಂದಿರಿಗೆ ವಯಸ್ಸಾಗಿದೆ. ಬೆಳೆದ ಮಗ ನಡುರಾತ್ರಿ ಗೋಡೆಗೆ ತಲೆ ಚಚ್ಚಿಕೊಂಡರೆ ಅರವತ್ತು ದಾಟಿದ ಅಮ್ಮ ಒಬ್ಬಳೇ ಹೇಗೆ ಹಿಡಿಯಬೇಕು? ಕಾರಣ ಹುಡುಕೋಣ, ಸರಿ. ಅಲ್ಲಿಯವರೆಗೆ ಅವರಿಬ್ಬರಿಗೂ ನಿದ್ದೆ ಬೇಡವೇ?

‘ಅವನು ಹುಟ್ಟಿದ್ದೇ ಹಾಗೆ’ ಅಂತ ಸುಮ್ಮನಾಗುವುದು ನಮ್ಮಲ್ಲಿ ಜಾಸ್ತಿ. ತಜ್ಞರೂ ಇದಕ್ಕೆ ಹೊರತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ರೈಸ್ ಮತ್ತು ಜೊತೆಗಾರರು 1982ರಲ್ಲೇ ಇದನ್ನು ತೋರಿಸಿದರು. ವಿಪರೀತ ಭಯದಿಂದ ನರಳುವ ಒಬ್ಬರ ವಿವರವನ್ನು ಮನಶ್ಶಾಸ್ತ್ರಜ್ಞರ ಮುಂದಿಟ್ಟರು. ಬುದ್ಧಿಮಾಂದ್ಯತೆ ಇದೆ ಎಂದು ಸೇರಿಸಿದ್ದೇ ತಡ, ಆ ಭಯವನ್ನು ಕಾಯಿಲೆ ಎಂದು ಗುರುತಿಸುವವರು ಕಡಿಮೆಯಾದರು.

ಬುದ್ಧಿಮಾಂದ್ಯತೆ ಇರುವವರಲ್ಲಿ ಮನೋರೋಗ ಉಳಿದವರಿಗಿಂತ ಜಾಸ್ತಿ. ‘ನನಗೆ ಬೇಸರ’ ಎಂದು ಹೇಳಲು ಎಷ್ಟೋ ಜನರಿಗೆ ಮಾತೇ ಇಲ್ಲ. ತಾನೇ ಮೀಯುತ್ತಿದ್ದ ಹುಡುಗಿ ಅಜ್ಜಿ ತೀರಿಹೋದ ಮೇಲೆ ಮೀಯುವುದನ್ನು ಬಿಟ್ಟರೆ, ಊಟದ ಬಟ್ಟಲು ಎಸೆದರೆ, ಅದು ಖಿನ್ನತೆಯೂ ಆಗಿರಬಹುದು. ಅವಳ ಬಾಯಿಂದಲೇ ಲಕ್ಷಣ ಕೇಳಿ ಖಚಿತಪಡಿಸಿಕೊಳ್ಳಬೇಕೆಂದರೆ ಚಿಕಿತ್ಸೆ ಶುರುವೇ ಆಗುವುದಿಲ್ಲ. ಅಂದಾಜಿನ ಮೇಲೆ ಸಣ್ಣ ಪ್ರಮಾಣದಲ್ಲಿ ಕೊಟ್ಟು ಕೆಲವು ವಾರ ನೋಡುವುದರಲ್ಲಿ ತಪ್ಪಿಲ್ಲ.

ವಿರೋಧ

ಮೊದಲು ಬಾಯಿ ತೆರೆಸಿ ಹಲ್ಲು ನೋಡಿ. ಹುಳುಕು ಹಲ್ಲು, ಕಿವಿಯ ಸೋಂಕು, ಮಲಬದ್ಧತೆ, ಮುಟ್ಟಿನ ನೋವು. ಹೇಳಲು ಬಾರದವರು ಇದನ್ನೆಲ್ಲ ಹೊಡೆದು, ಕಚ್ಚಿ, ಕೂಗಿಯೇ ತಿಳಿಸುತ್ತಾರೆ. ಡೌನ್ ಸಿಂಡ್ರೋಮ್ ಇದ್ದವರಲ್ಲಿ ಥೈರಾಯ್ಡ್ ತೊಂದರೆ ಸಾಮಾನ್ಯ. ಅದರ ಮಂಕು ನೋಡಲು ಖಿನ್ನತೆಯಂತೆಯೇ ಇರುತ್ತದೆ. ಫಿಟ್ಸಿಗೆ ಕೊಡುವ ಲೆವೆಟಿರಾಸಿಟಮ್ ಕೆಲವರಲ್ಲಿ ಸಿಟ್ಟು ಬರಿಸುತ್ತದೆ. ಇಷ್ಟನ್ನೂ ನೋಡದೆ ಮನೋರೋಗದ ಮದ್ದು ಕೊಟ್ಟರೆ ನೋವು ಹಾಗೇ ಉಳಿಯುತ್ತದೆ, ಕೂಗು ಮಾತ್ರ ಅಡಗುತ್ತದೆ.

ಸಿಟ್ಟಿಗೆ ಆ ಮದ್ದು ನಿಜಕ್ಕೂ ಕೆಲಸ ಮಾಡುತ್ತದೆಯೇ? 2008ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ. ಹೊಡೆಯುವ ಸ್ವಭಾವವಿದ್ದ, ಆದರೆ ಸೈಕೋಸಿಸ್ (ಇಲ್ಲದ್ದು ಕಾಣುವ, ಕೇಳುವಂಥ ತೀವ್ರ ಮನೋರೋಗ) ಇಲ್ಲದ, ಬುದ್ಧಿಮಾಂದ್ಯತೆಯ 86 ಮಂದಿಗೆ ಮನೋರೋಗದ ಮದ್ದುಗಳಾದ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ಅಥವಾ ಮದ್ದೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. ನಾಲ್ಕು ವಾರದ ಹೊತ್ತಿಗೆ ಮೂರೂ ಗುಂಪುಗಳಲ್ಲಿ ಸಿಟ್ಟು ಇಳಿದಿತ್ತು. ಅತಿ ಹೆಚ್ಚು ಇಳಿದದ್ದು ಹುಸಿ ಮಾತ್ರೆ ತಿಂದವರಲ್ಲಿ!

ಇಂಥ ಮದ್ದುಗಳಿಂದ ತೂಕ ಏರುತ್ತದೆ, ಮಲ ಕಟ್ಟುತ್ತದೆ, ಕೂತಲ್ಲಿ ಕೂರಲಾಗದ ಚಡಪಡಿಕೆಯೂ ಬರಬಹುದು. ಆ ಚಡಪಡಿಕೆ ನೋಡಿ ಕಾಯಿಲೆ ಜಾಸ್ತಿಯಾಯಿತು ಅಂತ ಪ್ರಮಾಣ ಏರಿಸುತ್ತಾರೆ. ನನಗೆ ಹೆದರಿಕೆ ಇರುವುದು ಇದರ ಬಗ್ಗೆಯೇ. ಅಮ್ಮನ ದಣಿವು ಸುಳ್ಳಲ್ಲ. ಅವಳಿಗೆ ಬೇಕಾದದ್ದು ರಾತ್ರಿ ಪಾಳಿಗೆ ಇನ್ನೊಬ್ಬರು, ಹಗಲಿಗೆ ಬುದ್ಧಿಮಾಂದ್ಯತೆ ಇರುವವರಿಗಾಗಿ ಇರುವ ಬಡ್ಸ್ ಶಾಲೆ. ಅದನ್ನು ಒದಗಿಸಲಾಗದ್ದಕ್ಕೆ ಮಗ ಮದ್ದು ನುಂಗಬೇಕೇ?

ನಮ್ಮಲ್ಲಿ ಭಾಷೆಯ ತೊಡಕೂ ಇದೆ. ಮನೆಯಲ್ಲಿ ತುಳು ಅಥವಾ ಹವ್ಯಕ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಹುಡುಗ ಉತ್ತರ ಕೊಡದಿದ್ದರೆ ಕಾಯಿಲೆಯಿಂದಲೋ, ಪ್ರಶ್ನೆ ಅರ್ಥವಾಗದೆಯೋ? ಮನೆಭಾಷೆ ಬಲ್ಲವರು ಜೊತೆಗೆ ಕೂತು ಕೇಳಬೇಕು. ಗಲಾಟೆಗೆ ಮೊದಲು ಏನಾಯಿತು, ಆಮೇಲೆ ಯಾರು ಏನು ಮಾಡಿದರು ಅಂತ ಎರಡು ವಾರ ಮನೆಯವರೂ ಬಡ್ಸ್ ಶಾಲೆಯ ಟೀಚರೂ ಬರೆದಿಡಲಿ. ಶಾಲೆಗೆ ರಜೆ ಬಂದಾಗಲೆಲ್ಲ ಗಲಾಟೆ ಏರುವುದು ಆಗ ಗೊತ್ತಾಗಬಹುದು.

ಸೈಕೋಸಿಸ್ ಇದೆ, ತೀವ್ರ ಖಿನ್ನತೆ ಇದೆ ಅಂತಾದರೆ ಮದ್ದು ಬೇಕೇ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾವುದಕ್ಕೆ ಕೊಟ್ಟದ್ದು, ಯಾವ ದಿನ ಮತ್ತೆ ನೋಡುವುದು, ಯಾವಾಗ ಇಳಿಸುವುದು ಅಂತ ಚೀಟಿಯಲ್ಲಿ ಬರೆದಿರಬೇಕು. ಬರೆಯಲಾಗದಿದ್ದರೆ ಶುರು ಮಾಡಬಾರದು.